ಷಡ್ಡಕನ ಗಾಡಿ

ಶಿಗ್ಲಿಯ ಪುಂಡಲೀಕಪ್ಪ ಕೆಟ್ಟ ಮನುಷ್ಯನಲ್ಲ. ಓಣಿಯಲ್ಲಿ ಯಾರು ಮನೆ ಕಟ್ಟಿಸಿದರೂ, ಯಾರ ಮಗನಿಗೆ ನೌಕರಿ ಸಿಕ್ಕರೂ ಖುಷಿಯಿಂದ ಹೋಗಿ ಪೇಢೆ ತಿಂದು ಬರುವವನೇ. ಅವನ ಹೊಟ್ಟೆಕಿಚ್ಚಿಗೆ ಇಡೀ ಜಗತ್ತಿನಲ್ಲಿ ಒಬ್ಬನೇ ಹಕ್ಕುದಾರನಿದ್ದ. ಅವನೇ ಷಡ್ಡಕ ಮಾಂತೇಶ, ಹೆಂಡತಿ ಅನ್ನಪೂರ್ಣಳ ತಂಗಿಯ ಗಂಡ. ಕೊರ್ಲಹಳ್ಳಿಯವನು, ಹೊಳೆದಂಡೆಯ ಪಂಪುಸೆಟ್ಟು ರಿಪೇರಿ ಮಾಡುವವನು. ಎತ್ತರದ ಆಳು, ಯಾವಾಗಲೂ ನಗುಮುಖ. ಆ ನಗು ಕಂಡರೇ ಪುಂಡಲೀಕಪ್ಪನಿಗೆ ಉರಿ. ಲಕ್ಷ್ಮೇಶ್ವರದಲ್ಲಿ ಅತ್ತೆ ಮುತ್ತವ್ವನ ಮನೆಗೆ ಹೋಳಿಗೆ ಊಟಕ್ಕೆ ಹೋದರೆ, ಯಾರ ತಾಟಿಗೆ ತುಪ್ಪ ಎಷ್ಟು ಬಿತ್ತು ಎಂದು ಇವನ ಕಣ್ಣು ಅಳೆಯುತ್ತಿತ್ತು. ಹಿರಿಯ ಅಳಿಯನೆಂದು ಮೊದಲು ಇವನಿಗೇ ಬಡಿಸುತ್ತಿದ್ದಳು, ಖರೆ. ಆದರೆ ಮಾಂತೇಶನಿಗೆ ಬಡಿಸುವಾಗ ನಗುತ್ತಿದ್ದಳಲ್ಲ!

ಪುಂಡಲೀಕಪ್ಪ ಲಕ್ಷ್ಮೇಶ್ವರದ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮುಂಜಾನೆ ಡಾಂಬರು ರಸ್ತೆ, ಮಧ್ಯಾಹ್ನದ ಮೇಲೆ ಶೇಂಗಾ, ಮೆಣಸಿನಕಾಯಿ ನೋಡಲು ಹೊಲದ ದಾರಿ. ಮಳೆ ಬಿತ್ತೆಂದರೆ ಕರಿ ಎರಿಮಣ್ಣು ಅವನ ಹಳೆಯ ಬೈಕಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕಣಕದ ಹಾಗೆ ತುಂಬಿಕೊಂಡು, ಗಾಲಿ ತಿರುಗುವುದನ್ನೇ ಬಿಡುತ್ತಿತ್ತು. ಕಟ್ಟಿಗೆಯಿಂದ ಕೆದರಬೇಕು, ನಾಲ್ಕು ಮಾರು ಹೋಗಬೇಕು, ಮತ್ತೆ ಕೆದರಬೇಕು. ಅದಕ್ಕೇ ಅವನು ಎರಡು ವರ್ಷದಿಂದ ಗದಗಿನ ಶೋರೂಮಿನ ಒಂದು ಗಾಡಿಯ ಮೇಲೆ ಜೀವ ಇಟ್ಟುಕೊಂಡಿದ್ದ. ಅದರ ಮುಂದಿನ ಮಡ್‌ಗಾರ್ಡು ಗಾಲಿಗೆ ಅಂಟಿಕೊಳ್ಳದೆ ಮೇಲಕ್ಕಿತ್ತು, ಟೈರಿಗೆ ದಪ್ಪ ಹಲ್ಲುಗಳಿದ್ದವು. ಪೇಟೆಗೂ ಸೈ, ಹೊಲಕ್ಕೂ ಸೈ. ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ಬಾಯಿ ತಡೆಯದೆ, "ಗಾಡಿ ಅಂದ್ರ ಅದು ನೋಡಪಾ" ಎಂದು ಮಾಂತೇಶನ ಮುಂದೆ ಆಡಿಬಿಟ್ಟ.

ಮುಂದಿನ ತಿಂಗಳು ಮಾಂತೇಶ ಅದೇ ಗಾಡಿ ತಂದ.

ಪೂಜೆ ಮುತ್ತವ್ವನ ಮನೆಯ ಮುಂದೆ. ಕಾಯಿ ಒಡೆಯಲು ಹಿರಿಯ ಅಳಿಯನೇ ಬೇಕು. ಪುಂಡಲೀಕಪ್ಪ ಎಂಥ ಸಿಟ್ಟಿನಲ್ಲಿ ಒಡೆದನೆಂದರೆ ಒಂದು ಹೋಳು ಹಾರಿ ಗಟಾರದಲ್ಲಿ ಬಿತ್ತು. "ಮಂದಿ ನೆದರ ಆಗಬಾರ್ದಪಾ" ಎನ್ನುತ್ತ ಮುತ್ತವ್ವ ಹ್ಯಾಂಡಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವಾಗ ತನ್ನನ್ನೇ ನೋಡಿದಳೆಂದು ಅವನಿಗೆ ಅನ್ನಿಸಿತು. ನೋಡಿದರೆ ತಪ್ಪೂ ಇರಲಿಲ್ಲ. ಅವನು ಕಣ್ಣಿನಿಂದಲೇ ಗಾಡಿಯನ್ನು ನುಂಗುತ್ತಿದ್ದ.

"ಚಲೋ ಐತಿಲ್ರಿ ಅಣ್ಣಾರ?" ಮಾಂತೇಶ ನಗುತ್ತ ಕೇಳಿದ.

"ಐತಿ. ಬಣ್ಣ ಒಂದೀಟು ಮಬ್ಬು" ಎಂದ ಪುಂಡಲೀಕಪ್ಪ.

ಅಂದಿನಿಂದ ರೊಟ್ಟಿ ಮುರಿಯುವಾಗಲೂ ಅವನ ಬಾಯಲ್ಲಿ ಅದೇ ಗಾಡಿಯ ಮಾತು. "ನೀವೂ ಅಂಥಾದ್ದ ತಗೋರಿ, ಯಾರ ಬ್ಯಾಡಂದಾರ?" ಎಂದಳು ಅನ್ನಪೂರ್ಣ.

"ಈಗ ತಗೊಂಡ್ರ ಅವನ್ನ ನೋಡಿ ತಗೊಂಡಂಗ ಆಗೂದಿಲ್ಲೇನ?"

ಅವನಿಗೆ ಬೇಕಾಗಿದ್ದು ಇಷ್ಟೇ. ಅತ್ತೆಯ ಅಂಗಳದಲ್ಲಿ ಒಂದು ಸಲವಾದರೂ ತಾನು ಮಾಂತೇಶನಿಗಿಂತ ಮೇಲೆ ಕಾಣಬೇಕು.

ನಮ್ಮ ಕಡೆ ಗಾಡಿ ಕೊಳ್ಳುವುದೆಂದರೆ ನಾಲ್ಕು ಮಂದಿ ಕೂಡಿ ಹೋಗುವುದು. ಒಬ್ಬ ಹತ್ತಿ ನೋಡುತ್ತಾನೆ, ಒಬ್ಬ ಸೀಟು ಒತ್ತಿ ನೋಡುತ್ತಾನೆ, ಹೆಂಡತಿ ಸೀರೆಯಲ್ಲಿ ಹಿಂದೆ ಕೂತು ನೋಡುತ್ತಾಳೆ. ಪುಂಡಲೀಕಪ್ಪ ಮಾತ್ರ ನೆದರಾದೀತೆಂದು ಯಾರಿಗೂ ಖಬರು ಕೊಡದೆ ಒಬ್ಬನೇ ಗದಗಿಗೆ ಹೋದ. ಮಂದಿಯ ಕಣ್ಣು ಎಂಥದ್ದೆಂದು ಅವನಿಗೆ ಬೇರೆಯವರು ಹೇಳಬೇಕೆ, ತನ್ನ ಕಣ್ಣೇ ಇತ್ತಲ್ಲ! ಮಾಂತೇಶನ ಗಾಡಿಯಂಥದ್ದಕ್ಕೇ ಬೆರಳು ಮಾಡಿ, "ಅದಕಿಂತ ಎತ್ತರದ್ದು ಯಾವುದೈತಿ, ತೋರಸ್ರಿ" ಎಂದ. ತೋರಿಸಿದರು. ಪಕ್ಕದಲ್ಲೊಂದು ಮೆಟ್ಟಿಲಿತ್ತು, ಅದರ ಮೇಲೆ ಕಾಲೂರಿ ಹತ್ತಿ ಕೂತ. ಕುದುರೆ ಏರಿದ ದೇಸಾಯಿಯ ಹಾಗೆ ಅನ್ನಿಸಿತು. ಅಲ್ಲೇ ಗಾಡಿ ಗಟ್ಟಿಯಾಯಿತು.

ಮೆಟ್ಟಿಲು ಶೋರೂಮಿನಲ್ಲೇ ಉಳಿಯಿತು. ನೆಲದ ಮೇಲೆ ನಿಲ್ಲಿಸಿದರೆ ಪುಂಡಲೀಕಪ್ಪನ ಕಾಲು ಗಾಳಿಯಲ್ಲಿ. ಹಾಗಾಗಿ ಗಾಡಿ ಎಲ್ಲಿ ನಿಲ್ಲಬೇಕೆಂದು ಅವನು ನಿರ್ಧರಿಸುವಂತಿರಲಿಲ್ಲ, ಊರಿನ ಕಟ್ಟೆಗಳು ನಿರ್ಧರಿಸುತ್ತಿದ್ದವು. ಶಿಗ್ಲಿಯಲ್ಲಿ ಗುಡಿಯ ಕಟ್ಟೆ, ದಾರಿಯಲ್ಲಿ ಹಳ್ಳದ ಸಣ್ಣ ಸೇತುವೆಯ ಕಟ್ಟೆ, ಲಕ್ಷ್ಮೇಶ್ವರದಲ್ಲಿ ಅಂಗಡಿಯ ಜಗಲಿ. ಹೊಲದಲ್ಲಿ ಬದು ಇರುತ್ತಿತ್ತು, ಅದೇ ಪುಣ್ಯ. ಅನ್ನಪೂರ್ಣ ಸ್ಟೂಲು ಇಟ್ಟುಕೊಂಡು ಹತ್ತುತ್ತ, "ಹುಲಿ ನೋಡಿ ನರಿ ಮೈ ಸುಟ್ಟಕೊಂಡಿತ್ತಂತ" ಎಂದು ಗೊಣಗುವಳು. ಅವನು ಕೇಳಿಸದವನ ಹಾಗೆ ಎಕ್ಸಿಲೇಟರ್ ಕೊಡುವನು.

ಪಂಚಮಿಗೆ ಇಬ್ಬರೂ ಅಳಿಯಂದಿರನ್ನು ಮುತ್ತವ್ವ ಊಟಕ್ಕೆ ಕರೆದಳು. ಪುಂಡಲೀಕಪ್ಪ ಮೀಸೆ ತಿದ್ದಿಕೊಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಓಣಿಗೆ ಬಂದ. ಬಾಗಿಲಲ್ಲಿ ಮಾಂತೇಶ ನಿಂತಿದ್ದ. ನೋಡಲಿ, ಚೆನ್ನಾಗಿ ನೋಡಲಿ! ಹತ್ತಿರ ಬಂದು ನೋಡುತ್ತಾನೆ, ಕಾಲೂರಬೇಕಿದ್ದ ಕಟ್ಟೆಯ ತುಂಬ ಶೇಂಗಾ ಚೀಲ ಒಟ್ಟಿದ್ದರು.

ನಿಲ್ಲಿಸದೆ ಮುಂದೆ ಹೋದ. ಓಣಿ ಸುತ್ತಿ ಮತ್ತೆ ಬಂದ. ಮತ್ತೆ ಹೋದ.

"ಬರ್ರಿ, ಇಳೀರಿ! ಎಲ್ಲಿಗೆ ಹೊಂಟೀರಿ?" ಎಂದು ಮುತ್ತವ್ವ ಕೂಗಿದಳು. ಅಕ್ಕಪಕ್ಕದವರು ಹೊರಗೆ ಬಂದರು. ಹಿಂದಿನಿಂದ ಅನ್ನಪೂರ್ಣ ಅವನ ಪಕ್ಕೆ ಚಿವುಟಿದಳು.

ಮಾಂತೇಶನಿಗೆ ತಿಳಿಯಿತು. ಓಡಿ ಬಂದು ಎರಡೂ ಕೈಯಿಂದ ಹ್ಯಾಂಡಲು ಹಿಡಿದು, "ಹಿಡದೇನಿ ಅಣ್ಣಾರ, ಸಾವಕಾಶ ಇಳೀರಿ" ಎಂದ. ಅವನ ಹೆಗಲು ಹಿಡಿದೇ ಪುಂಡಲೀಕಪ್ಪ ಇಳಿಯಬೇಕಾಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಿಗೇಳಲಾದರೂ ಬರುತ್ತಿತ್ತು.

ಊಟವಾದ ಮೇಲೆ ಮಾಂತೇಶ ಅಡಿಕೆ ಕತ್ತರಿಸುತ್ತ ಮೆಲ್ಲಗೆ ಅಂದ: "ಅಣ್ಣಾರ, ನನ್ನ ಗಾಡಿ ಮ್ಯಾಲೆ ಮೊಣಕಾಲ ಮಡಚಿ ಕುಂತು ಸೊಂಟ ಹಿಡದೈತ್ರಿ. ನೀವು ಗಾಡಿ ಅಂದ್ರ ಅದು ಅಂದಿದ್ರಿ, ಅದಕ್ಕ ನಾ ಬ್ಯಾರೇದ್ದ ನೋಡ್ಲೇ ಇಲ್ಲ. ಅದಲಿಬದಲಿ ಮಾಡ್ಕೊಳ್ಳೂನೇನ್ರಿ?"

ತನ್ನ ಮಾತಿಗೆ ಈ ಲೋಕದಲ್ಲಿ ಯಾರಾದರೂ ಇಷ್ಟು ಬೆಲೆ ಕೊಟ್ಟಿದ್ದರೆಂದು ಪುಂಡಲೀಕಪ್ಪನಿಗೆ ಗೊತ್ತಿರಲಿಲ್ಲ. ಕೊಟ್ಟವನು ಮಾಂತೇಶನೇ ಆಗಬೇಕಿತ್ತೆ ಎಂದು ಸಂಕಟವಾಯಿತು. ಆದರೂ ಬೇಡವೆನ್ನಲಿಲ್ಲ.

ಸಂಜೆ ಹೊರಟಾಗ ಅವನು ಆ ಗಾಡಿ ಹತ್ತಿ ಕೂತ. ಎರಡು ವರ್ಷ ಕನಸು ಕಂಡ ಅದೇ ಗಾಡಿ. ಎರಡೂ ಪಾದ ಗಟ್ಟಿಯಾಗಿ ನೆಲಕ್ಕೆ ಊರಿದವು. ಅನ್ನಪೂರ್ಣ ಸ್ಟೂಲಿಲ್ಲದೆ ಹಿಂದೆ ಕೂತಳು. ಮಾಂತೇಶ ಎತ್ತರದ ಗಾಡಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಕೈ ಬೀಸಿ ಹೋದ. ಮುತ್ತವ್ವ ನಗುತ್ತ ನೋಡುತ್ತ ನಿಂತಿದ್ದಳು.

"ಈಗರ ಸಮಾಧಾನ ಆತಿಲ್ರಿ?" ಎಂದಳು ಅನ್ನಪೂರ್ಣ.

ಪುಂಡಲೀಕಪ್ಪ ಓಣಿಯ ತುದಿಯನ್ನೇ ನೋಡುತ್ತಿದ್ದ. "ಆ ಗಾಡಿ ಮ್ಯಾಲೆ ಅಂವ ಎಷ್ಟ ಚಂದ ಕಾಣ್ತಾನ ನೋಡಿದ್ಯಾ?" ಅವನು ಹ್ಯಾಂಡಲು ಬಿಟ್ಟು ಆ ಕಡೆ ಕೈ ಮಾಡಿದ. "ಅದು ನನ್ನ ಗಾಡಿ ಇತ್ತಲ್ಲ!"

ಗಾಡಿ ಚಾಲೂ ಮಾಡುವುದೂ ಅವನಿಗೆ ನೆನಪಿರಲಿಲ್ಲ.