ಮೀನೆಣ್ಣೆ ಹಚ್ಚಿಕೊಂಡು ಗೆದ್ದ ಕುಸ್ತಿ

ಮೊನ್ನೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಇನ್ನೂ ಊದಿನಕಡ್ಡಿ ಹಚ್ಚಿರಲಿಲ್ಲ, ಅಷ್ಟರಲ್ಲಿ ಒಬ್ಬ ಅಜ್ಜ ಬಂದು ಮೆಟ್ಟಿಲ ಮೇಲೆ ಕೂತ. ಹೆಬಳೆಯಲ್ಲಿ ನನ್ನದೊಂದು ಸಣ್ಣ ಬಣ್ಣದ ಅಂಗಡಿ. ಅಜ್ಜ ಬಂದದ್ದು ದೋಣಿಗೆ ಬಳಿಯುವ ಬಣ್ಣ ಕೇಳಲಿಕ್ಕೆ. ಮರದ ದೋಣಿಯಂತೆ, ಇಷ್ಟು ವರ್ಷ ಮೀನೆಣ್ಣೆಯನ್ನೇ ಬಳಿಯುತ್ತಿದ್ದನಂತೆ, ಈಗ ಮಗ ಅದು ಬೇಡ ಅಂತಾನಂತೆ. ಅವನ ಅಂಗಿ, ಕೈ, ತಲೆಗೆ ಸುತ್ತಿದ ವಸ್ತ್ರ, ಎಲ್ಲದರಿಂದಲೂ ಆ ಎಣ್ಣೆಯ ವಾಸನೆ. ಟರ್ಪೆಂಟೈನ್ ವಾಸನೆ ಕುಡಿದು ಕುಡಿದು ಸತ್ತುಹೋದ ನನ್ನ ಮೂಗಿಗೂ ಅದು ಬಂದು ಬಡಿಯಿತು. ಅಜ್ಜ ಮಾತಾಡುತ್ತಲೇ ಇದ್ದ. ನಾನು ಮಾತ್ರ ಹೈಸ್ಕೂಲಿನ ಹಿಂದಿನ ಕುಸ್ತಿ ಕಣದಲ್ಲಿ, ನಮ್ಮ ಡ್ರಿಲ್ ಮಾಸ್ತರ ಎದುರು ತಲೆ ತಗ್ಗಿಸಿಕೊಂಡು ನಿಂತಿದ್ದೆ...

ಕುಸ್ತಿ ನಮ್ಮ ಕರಾವಳಿಯದ್ದಲ್ಲ ಬಿಡಿ. ನಮ್ಮದೇನಿದ್ದರೂ ಕಬಡ್ಡಿ. ಕೊಂಕಣ ರೈಲು ಆಗಷ್ಟೇ ಓಡಲು ಶುರುವಾಗಿದ್ದ ಕಾಲ. ಹೊನ್ನಾವರದ ಹತ್ತಿರದ ನಮ್ಮ ಹೈಸ್ಕೂಲಿಗೆ ಘಟ್ಟದ ಮೇಲಿನಿಂದ, ಧಾರವಾಡದ ಆಚೆಯಿಂದ, ಈ ಮಾಸ್ತರು ವರ್ಗವಾಗಿ ಬಂದರು. ಗಿಡ್ಡ ಆಳು, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಎರಡು ಕಿವಿಯೂ ಮುದುರಿ ಗಂಟುಕಟ್ಟಿದ್ದವು. ಬಂದ ತಿಂಗಳೊಳಗೆ ಗೇರುಮರದ ಪಕ್ಕ ಒಂದು ಕಣ ಅಗೆಸಿದರು. ನಮ್ಮ ಮರಳು ಮಣ್ಣು ಕುಸ್ತಿಗೆ ಬರುವುದಿಲ್ಲ ಅಂತ ಯಾವುದೋ ಲಾರಿಯವನನ್ನು ಹಿಡಿದು ತಮ್ಮ ಊರಿನಿಂದ ಹತ್ತು ಚೀಲ ಕೆಂಪು ಮಣ್ಣು ತರಿಸಿದರು. ಅದಕ್ಕೆ ಮಜ್ಜಿಗೆ, ಅರಿಶಿನ, ಲಿಂಬೆರಸ ಹಾಕಿ ಕಲಸಿದರು. "ಮಾಸ್ತರು ಮಣ್ಣಿಗೆ ಒಗ್ಗರಣೆ ಹಾಕ್ತಾ ಇದ್ರು" ಅಂತ ಊರೆಲ್ಲ ನಗಾಡಿತು. ನಗಾಡಿದವರಲ್ಲಿ ನಾನೂ ಇದ್ದೆ. ಎರಡು ದಿನ ಬಿಟ್ಟು ಅದೇ ಮಣ್ಣಿನಲ್ಲಿ ಹೊರಳುತ್ತಿದ್ದೆ.

ನನ್ನಪ್ಪ ಮೀನುಗಾರ. ಬಲೆ ಎಳೆದ ಮೈ ನಂದು, ಒಂಬತ್ತನೇ ಕ್ಲಾಸಿಗೇ ತೋಳು ಗಟ್ಟಿಯಿತ್ತು. ಮಾಸ್ತರು ಮೊದಲ ದಿನ ನನ್ನ ರಟ್ಟೆ ಹಿಡಿದು ನೋಡಿ "ಭೇಷ್ ಐತಿ ತಮ್ಮಾ" ಅಂದರು. ಅಷ್ಟೇ ಅಂದದ್ದು. ಅಷ್ಟಕ್ಕೇ ನಾನು ಅವರ ಹಿಂದೆ ಬಿದ್ದೆ. ಅವರ ಸೀಟಿ ನನ್ನ ಕುತ್ತಿಗೆಯಲ್ಲಿ, ಕಣದ ಗುದ್ದಲಿ ನನ್ನ ಸುಪರ್ದಿಯಲ್ಲಿ. ಬೇರೆ ಯಾರಾದರೂ ಅವರ ಸೈಕಲ್ ಒರೆಸಲಿಕ್ಕೆ ಹೋದರೆ ನನಗೆ ಮೈ ಉರಿಯುತ್ತಿತ್ತು. ಹೀಗೆ ಒಂದು ವರ್ಷ ನಾನೇ ರಾಜ. ಹತ್ತನೇ ಕ್ಲಾಸಿಗೆ ಆ ಮಂಕಿ ಊರಿನ ಹುಡುಗ ಬಂದ.

ಮಂಕಿಯಲ್ಲಿ ಶಾಲೆ ಇರಲಿಲ್ಲವಾ? ಇತ್ತು. ಅದನ್ನು ಬಿಟ್ಟು ದಿನಾ ಬಸ್ಸು ಹತ್ತಿ ನಮ್ಮ ಶಾಲೆಗೆ ಅವನು ಯಾಕೆ ಬಂದನೋ ದೇವರಿಗೇ ಗೊತ್ತು. ನನ್ನ ಪ್ರಾಣ ತಿನ್ನಲಿಕ್ಕೇ ಬಂದ ಅಂತ ಆಗ ನಾನು ತಿಳಿದಿದ್ದೆ. ತೆಂಗಿನ ತೋಟದವರ ಮಗ. ನೋಡಲಿಕ್ಕೆ ಸಪೂರ, ತೂಕಕ್ಕೆ ಹಾಕಿದರೆ ನನ್ನಷ್ಟೇ. ಹಿಡಿದೆ ಅನ್ನುವಷ್ಟರಲ್ಲಿ ಕೈಯಲ್ಲಿ ಇರುತ್ತಿರಲಿಲ್ಲ, ಬಗ್ಗಿ ಕಾಲಿಗೇ ಬರುತ್ತಿದ್ದ. ಮಾಸ್ತರ ಕಣ್ಣು ಅವನ ಮೇಲೆ ಬಿದ್ದದ್ದನ್ನು ನಾನು ಕಂಡೆ. ಹೊಸ ಪಟ್ಟು ತೋರಿಸಬೇಕಾದರೆ ಅವನನ್ನೇ ಕರೆಯುವುದು, ನೆನೆಸಿದ ಕಡಲೆ ಹಂಚುವಾಗ ಅವನ ಕೈಗೆ ಒಂದು ಹಿಡಿ ಜಾಸ್ತಿ. ನನಗೆ ಹೇಳಿಕೊಡುವಾಗ "ಹಾಂ, ಹಂಗ" ಅಂತ ಸುಮ್ಮನಾಗುವವರು ಅವನಿಗೆ ಮಂಡಿಯೂರಿ ಕೂತು ಕಾಲು ಎಲ್ಲಿಡಬೇಕು ಅಂತ ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ಎಷ್ಟು ಸಂಕಟ ಆಗುತ್ತಿತ್ತು ಅಂದರೆ, ಮನೆಗೆ ಹೋಗಿ ಊಟಕ್ಕೆ ಕೂತರೆ ಅನ್ನ ಇಳಿಯುತ್ತಿರಲಿಲ್ಲ. "ಎಂತ ಆಯ್ತಾ ನಿಂಗೆ, ದೃಷ್ಟಿ ಬಿತ್ತಾ?" ಅಂತ ಅಮ್ಮ ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ಹಾಕುತ್ತಿದ್ದವನು ನಾನೇ ಅಂತ ಅವಳಿಗೆ ಹೇಳುವುದು ಹೇಗೆ?

ತಾಲೂಕು ಮಟ್ಟದ ಕುಸ್ತಿಗೆ ಒಂದು ತೂಕಕ್ಕೆ ಒಬ್ಬನೇ ಹೋಗಬೇಕು. ಅವನೂ ನಾನೂ ಒಂದೇ ತೂಕ. ಶನಿವಾರ ಶಾಲೆ ಬಿಟ್ಟ ಮೇಲೆ ಕಣದಲ್ಲಿ ಆಡಿಸಿ, ಗೆದ್ದವನನ್ನು ಕರೆದುಕೊಂಡು ಹೋಗುತ್ತೇನೆ ಅಂದರು ಮಾಸ್ತರು. ನೇರವಾಗಿ ಆಡಿದರೆ ನಾನು ಸೋಲುತ್ತೇನೆ ಅಂತ ನನಗೆ ಸರಿಯಾಗಿ ಗೊತ್ತಿತ್ತು. ಸೋತರೆ ಮಾಸ್ತರು ಶಾಶ್ವತವಾಗಿ ಅವನ ಪಾಲು.

ಅಪ್ಪನ ದೋಣಿಗೆ ಬಳಿಯಲಿಕ್ಕೆ ತಂದಿಟ್ಟ ಮೀನೆಣ್ಣೆ ಕೊಟ್ಟಿಗೆಯ ಡಬ್ಬಿಯಲ್ಲಿತ್ತು. ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳೆಯುತ್ತದೆ, ಗೊತ್ತಾಗುತ್ತದೆ. ಇದಾದರೆ ಚರ್ಮದೊಳಗೆ ಇಳಿದು ಕೂರುತ್ತದೆ, ಬೆವರು ಬಂದ ಕೂಡಲೇ ಜಾರುತ್ತದೆ. ದೋಣಿಗೆ ಬಳಿಯುವಾಗ ಎಷ್ಟು ಸಲ ಕೈ ಜಾರಿ ಬಿದ್ದಿರಲಿಲ್ಲ ನಾನು! ಶನಿವಾರ ಬೆಳಿಗ್ಗೆ ಕುತ್ತಿಗೆ, ಹೆಗಲು, ತೊಡೆಗೆಲ್ಲ ತಿಕ್ಕಿಕೊಂಡು, ಮೇಲಿಂದ ಅಂಗಿ ಹಾಕಿ ಶಾಲೆಗೆ ಹೋದೆ. ವಾಸನೆ? ಮಾರಾಯ್ರೆ, ಅದರ ಯೋಚನೆಯೇ ನನಗೆ ಬರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ ಬೆಳೆದವನ ಮೂಗಿಗೆ ಮೀನೆಣ್ಣೆಗೆ ವಾಸನೆ ಅಂತ ಒಂದು ಇದೆ ಅಂತಲೇ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ನನ್ನ ಬೆಂಚಿನವರು ಯಾಕೆ ಅತ್ತ ಸರಿದು ಕೂತರು ಅಂತ ಅವತ್ತು ಅರ್ಥವಾಗಲಿಲ್ಲ.

ಕುಸ್ತಿಗೆ ಮೊದಲು ಇಬ್ಬರೂ ಕಣದ ಮಣ್ಣು ತೆಗೆದು ಒಬ್ಬರ ಮೈಗೆ ಒಬ್ಬರು ಸವರಿ, ಕೈಗೆ ಕೈ ಕೊಡಬೇಕು. ಅದು ಮಾಸ್ತರು ಕಲಿಸಿದ ಪದ್ಧತಿ. ಅವನು ನನ್ನ ಹೆಗಲಿಗೆ ಮಣ್ಣು ಸವರುವಾಗ ಒಂದು ನಮೂನೆ ನೋಡಿದ. ಮಾಸ್ತರು ಸೀಟಿ ಊದಿದರು. ಅವನು ಹಿಡಿದಲ್ಲೆಲ್ಲ ಜಾರಿದ. ಕಾಲಿಗೆ ಬಂದ, ಜಾರಿದ. ಸೊಂಟಕ್ಕೆ ಬಂದ, ಜಾರಿದ. ಮೂರನೇ ಸಲ ಅವನು ಮುಗ್ಗರಿಸಿದಾಗ ಮೇಲೆ ಬಿದ್ದು ಅವನ ಎರಡೂ ಭುಜ ನೆಲಕ್ಕೆ ಒತ್ತಿದೆ. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತೇನೋ... ಬಿಡಲಿಲ್ಲ. ಅವನು ಏಳುವಾಗ ತಲೆ ಹಿಡಿದು ಮುಖವನ್ನು ಮಣ್ಣಿಗೆ ತಿಕ್ಕಿದೆ. ಅವನು ಕೆಮ್ಮುತ್ತಾ ಎದ್ದು ಕೈ ಚಾಚಿದರೆ, ಆ ಕೈ ತಳ್ಳಿ ಮಾಸ್ತರ ಕಡೆ ನೋಡಿದೆ. ಈಗ ಹೇಳಿ ನೋಡುವಾ, ಭೇಷ್ ಯಾರು?

ಮಾಸ್ತರು ಹತ್ತಿರ ಬಂದವರು ಮೂಗು ಅರಳಿಸಿ ನಿಂತರು. ಬೆಚ್ಚಗಾದ ಮೈಯಿಂದ ಎಣ್ಣೆ ಬೆವರಿನ ಜೊತೆ ಇಳಿಯುತ್ತಿತ್ತು. ಸುತ್ತ ನಿಂತ ಹುಡುಗರೆಲ್ಲ ಮೂಗು ಮುಚ್ಚಿಕೊಂಡು ನಗಲು ಶುರು ಮಾಡಿದರು. ನನ್ನ ಹೆಗಲ ಮೇಲೆ ಒಂದು ಬೆರಳು ಎಳೆದು ನೋಡಿದ ಮಾಸ್ತರು ಹುಡುಗರಿಗೆಲ್ಲ ಮನೆಗೆ ಹೋಗಿ ಅಂದರು. ನನ್ನನ್ನು ಮಾತ್ರ ನಿಲ್ಲಿಸಿಕೊಂಡರು. ಬೆತ್ತ ತರುತ್ತಾರೆ ಅಂತ ನಾನು ಕಾದೆ. ತರಲಿಲ್ಲ.

"ಮಣ್ಣು ಯಾಕ ಹಚ್ಚತಾರ ಗೊತ್ತೈತೇನು? ನನ್ನ ಮೈ ಜಾರಬಾರದು, ನೀ ನನ್ನ ಸರಿಯಾಗಿ ಹಿಡಿ ಅಂತ. ನೀ ಹಿಡಿಯಾಕ ಬರಲಾರದಂಗ ಬಂದೀಯಲ್ಲ ಮಗನ, ಕುಸ್ತಿ ಯಾರ ಜೋಡಿ ಆಡಿದಿ?"

ತಲೆ ತಗ್ಗಿಸಿ, ಕಾಲ್ಬೆರಳಿಂದ ಮಣ್ಣು ಕೆದಕುತ್ತಾ ನಿಂತೇ ಇದ್ದೆ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆಯ ಎದುರು ಅವನ ಕೈಯನ್ನು ನಾನೇ ಹಿಡಿದು ಮೇಲೆತ್ತಿ, "ಗೆದ್ದವನು ಇವನು" ಅಂತ ಹೇಳಬೇಕಾಯಿತು. ಹೇಳಿದೆ. ಹೆಣ್ಣುಮಕ್ಕಳ ಸಾಲಿನಲ್ಲಿ ಯಾರೋ ಮೂಗು ಮುಚ್ಚಿಕೊಂಡರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಶಿಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. ಎಣ್ಣೆ ಬಿದ್ದು ನಾರುವ ಆ ಮಣ್ಣಿನಲ್ಲಿ ಯಾರೂ ಹೊರಳಲು ತಯಾರಿರಲಿಲ್ಲ. ಅಷ್ಟು ಮಣ್ಣನ್ನೂ ತೆಗೆದು ಹೊರಗೆ ಹಾಕಿ, ಈ ಸಲ ಲಾರಿ ಇಲ್ಲ, ಗುಡ್ಡದಿಂದ ಕೆಂಪು ಮಣ್ಣು ಹೊತ್ತು, ಜರಡಿ ಹಿಡಿದು ಹೊಸ ಕಣ ಮಾಡಬೇಕು, ನಾನೇ. ಜಿಲ್ಲಾ ಮಟ್ಟದ ಕುಸ್ತಿ ಮುಗಿಯುವವರೆಗೆ ಆಡುವ ಹಾಗಿಲ್ಲ, ದಿನಾ ಸಂಜೆ ಅಗೆಯುವುದು ಮಾತ್ರ.

ಅಗೆದೆ. ಸಂಜೆ ಹುಲ್ಲಿನ ಮೇಲೆ ಉಳಿದವರ ಅಭ್ಯಾಸ ಮುಗಿದು ಮಂಕಿಯವ ಐದೂವರೆ ಬಸ್ಸಿಗೆ ಓಡಿದ ಮೇಲೆ ನನ್ನ ಪಾಳಿ ಶುರು. ಮಾಸ್ತರು ಅಂಗಿ ತೆಗೆದು ಮರಕ್ಕೆ ಸಿಗಿಸಿ ತಾವೂ ಒಂದು ಗುದ್ದಲಿ ಹಿಡಿಯುತ್ತಿದ್ದರು. ಜಾಸ್ತಿ ಮಾತಿಲ್ಲ. ಒಮ್ಮೊಮ್ಮೆ ಅವರ ಊರಿನ ಗರಡಿಮನೆ, ಅವರಪ್ಪನ ಎತ್ತು, ಮೀನು ಕಂಡರೆ ದೂರ ಓಡುವ ಹೆಂಡತಿ... ಹೀಗೆ ಏನಾದರೂ. ಡಬ್ಬಿಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ಅರ್ಧ ನನಗೆ ಕೊಡುತ್ತಿದ್ದರು. ನನಗೆ ಆ ರೊಟ್ಟಿ ರುಚಿಸಿದ್ದು ಯಾವಾಗ? ತಿನ್ನುತ್ತಿದ್ದರೂ ತಲೆಯಲ್ಲಿ ಒಂದೇ ಕೊರೆತ. ಅವನಿಗೆ ಇವತ್ತು ಯಾವ ಪಟ್ಟು ಹೇಳಿಕೊಟ್ಟರು? ನನಗೆ ಗುದ್ದಲಿ, ಅವನಿಗೆ ಕುಸ್ತಿ. ಯಾರು ಬೇಕಾದವರು, ಯಾರು ಬೇಡದವರು ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುತ್ತಾರೆ?

ತಾಲೂಕಿನಲ್ಲಿ ಅವನು ಗೆದ್ದ. ಜಿಲ್ಲಾ ಮಟ್ಟದ್ದು ಕುಮಟಾದಲ್ಲಿ. ಸಾಮಾನು ಹೊರಲು ಮಾಸ್ತರು ನನ್ನನ್ನೂ ಕರೆದುಕೊಂಡು ಹೋದರು. ಎರಡನೇ ಸುತ್ತಿಗೇ ಘಟ್ಟದ ಮೇಲಿನ ಹುಡುಗನೊಬ್ಬ ಮಂಕಿಯವನನ್ನು ಎತ್ತಿ ಹಾಕಿದ. ನನಗೆ ಒಳಗೊಳಗೇ ಹಬ್ಬ! ಬಿದ್ದವನು ಎದ್ದ, ಗೆದ್ದ ಹುಡುಗ ಕೈ ಚಾಚಿದ, ಇವನು ಆ ಕೈಯನ್ನು ಬಿಟ್ಟು ನೆಲಕ್ಕೆ ಉಗುಳಿ ಹೊರಟ. ಥೇಟ್ ನನ್ನ ಹಾಗೆಯೇ.

ಮಾಸ್ತರು ಸೀದಾ ಹೋದರು. ಅಷ್ಟು ಜನರ ಎದುರು ಕಪಾಳಕ್ಕೆ ಒಂದು ಬಿಟ್ಟರು. ನಾನು ನಿಂತಲ್ಲಿಗೆ ಅದರ ಸದ್ದು ಕೇಳಿತು. ಕೈ ಹಿಡಿದು ಎಳೆದುಕೊಂಡು ಹೋಗಿ ಆ ಹುಡುಗನ ಕೈಗೆ ಇವನ ಕೈ ಇಟ್ಟರು. ಆಮೇಲೆ ಇವನು ಬಿಕ್ಕಿ ಬಿಕ್ಕಿ ಅತ್ತಾಗ, ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಅವರ ಕಣ್ಣಲ್ಲೂ ನೀರಿತ್ತು. ನಾನು ಕಂಡಿದ್ದೇನೆ.

ಅವತ್ತು ನನಗಾದ ಹೊಟ್ಟೆಕಿಚ್ಚು ಮೊದಲಿನದ್ದನ್ನೆಲ್ಲ ಮೀರಿಸಿತು. ನಗಬೇಡಿ. ನಾನು ಅಸೂಯೆಪಟ್ಟದ್ದು ಆ ಏಟಿಗೆ. ಅದೇ ತಪ್ಪಿಗೆ ನನಗೆ ಒಂದು ಏಟೂ ಬೀಳಲಿಲ್ಲವಲ್ಲ! ಹೊಡೆಯುವುದು ಯಾರಿಗೆ? ನಮ್ಮವನು ಅನ್ನಿಸಿದವನಿಗೆ. ನನ್ನ ಅಪ್ಪ ನನಗೆ ಹೊಡೆಯುತ್ತಿದ್ದ, ಪಕ್ಕದ ಮನೆಯವನಿಗೆ ಹೊಡೆಯುತ್ತಿದ್ದನಾ? ಹೊನ್ನಾವರ ಬರುವವರೆಗೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಮಾಸ್ತರು ಕೊಟ್ಟ ಶೇಂಗಾ ಪೊಟ್ಟಣ ಬೇಡ ಅಂದೆ. ಮಾರನೇ ದಿನದಿಂದ ಕಣಕ್ಕೆ ಹೋಗುವುದನ್ನೇ ಬಿಟ್ಟೆ. ಅವರು ಎರಡು ಸಲ ಹೇಳಿ ಕಳಿಸಿದರು. ಹೋಗಲಿಲ್ಲ. ಪರೀಕ್ಷೆ ಬಂತು, ಶಾಲೆ ಮುಗಿಯಿತು, ಅವರಿಗೂ ಊರ ಕಡೆ ವರ್ಗವಾಯಿತು. ಹೋಗುವ ದಿನ ಹುಡುಗರೆಲ್ಲ ಬಸ್‌ಸ್ಟ್ಯಾಂಡಿಗೆ ಹೋಗಿದ್ದರಂತೆ. ನಾನು ದೋಣಿಯಲ್ಲಿದ್ದೆ.

ಇಷ್ಟು ವರ್ಷಗಳಲ್ಲಿ ಮಂಕಿಯವನನ್ನು ಆಗಾಗ ಕಂಡದ್ದುಂಟು. ಈಗ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ, ಒಳ್ಳೆಯ ಜನ. ಸಿಕ್ಕಾಗೆಲ್ಲ "ಮಾಸ್ತರಿಗೆ ಫೋನ್ ಮಾಡಿದ್ದೆ, ನಿನ್ನ ಕೇಳಿದ್ರು" ಅನ್ನುತ್ತಿದ್ದ. ನನ್ನ ಕೇಳಿದರು ಅನ್ನುವುದು ನನ್ನ ಕಿವಿಗೆ ಹೋಗುತ್ತಲೇ ಇರಲಿಲ್ಲ. ಇವನು ಫೋನ್ ಮಾಡುತ್ತಾನೆ ಅನ್ನುವುದು ಮಾತ್ರ ಹೋಗುತ್ತಿತ್ತು. ನಂಬರು ಕೇಳಲಿಕ್ಕೂ ನನಗೆ ಬಿಗುಮಾನ.

ಮೊನ್ನೆ ಆ ಅಜ್ಜ ಎದ್ದು ಹೋದ ಮೇಲೆ ಬಿಗುಮಾನ ಎಲ್ಲಿ ಹೋಯಿತೋ, ಮಂಕಿಯವನಿಗೆ ಫೋನ್ ಹಚ್ಚಿದೆ. ಮಾಸ್ತರ ನಂಬರು ಕೊಡಾ ಅಂದೆ.

"ನಿಂಗೆ ಗೊತ್ತೇ ಇಲ್ಲನಾ ಮಾರಾಯ? ಮಾಸ್ತರು ಹೋಗಿ ಎರಡು ತಿಂಗಳಾತು."

ಎದೆನೋವು ಬಂದು ನಿದ್ದೆಯಲ್ಲೇ ಹೋದರಂತೆ. ಇವನಿಗೂ ಕಾರ್ಯ ಎಲ್ಲ ಮುಗಿದ ಮೇಲೆ ತಿಳಿದದ್ದಂತೆ. ನಾನು ಅಳುವುದು ಬಿಟ್ಟು ಅವನ ಮೇಲೇ ಹರಿಹಾಯ್ದೆ. ನಿನಗೇನು, ನೀನು ಅವರಿಗೆ ಬೇಕಾದವನು, ವರ್ಷವಿಡೀ ಮಾತಾಡಿಕೊಂಡಿದ್ದಿ, ನನಗೆ ಎಂತ ಸಿಕ್ಕಿತು ಅಂತೆಲ್ಲ ಬಾಯಿಗೆ ಬಂದದ್ದು ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಎಂತ ಹೇಳ್ತ್ಯಾ ನೀನು? ಶಾಲೇಲಿ ನನ್ನ ಹತ್ರ ಅವರು ಕುಸ್ತಿ ಬಿಟ್ಟು ಒಂದು ಮಾತೂ ಆಡಿದವರಲ್ಲ. ಐದೂವರೆ ಆತು, ಹೋಗು ಅಂತ ಓಡಿಸ್ತಿದ್ರು. ಒಂದಿನ ಬಸ್ಸು ಬಿಟ್ಟು ಕಂಪೌಂಡಿನ ಹಿಂದೆ ನಿಂತು ನೋಡಿದೆ. ನೀವಿಬ್ರೂ ಒಂದೇ ಡಬ್ಬಿಲಿ ರೊಟ್ಟಿ ತಿಂತಾ ಕೂತಿದ್ರಿ. ಅವರು ನಗ್ತಾ ಇದ್ರು. ನನ್ನ ಎದುರು ಅವರು ನಕ್ಕದ್ದು ನಾ ಕಂಡಿಲ್ಲ. ಮಂಕಿವರೆಗೆ ನಡ್ಕಂಡೇ ಹೋದೆ ಮಾರಾಯ, ಸಂಕಟಕ್ಕೆ. ಕುಮಟಾದಲ್ಲಿ ಆ ಹುಡುಗನ ಕೈ ಯಾಕೆ ಹಿಡೀಲಿಲ್ಲ ಗೊತ್ತನಾ? ನಂಗೂ ಶಿಕ್ಷೆ ಸಿಗ್ಲಿ, ನಂಗೂ ಸಂಜೆ ಅಗೀಲಿಕ್ಕೆ ಹೇಳ್ಲಿ ಅಂತ."

ಫೋನ್ ಇಟ್ಟೆ. ಏನು ಹೇಳಿ ಇಟ್ಟೆನೋ ನೆನಪಿಲ್ಲ. ಗಿರಾಕಿ ಒಬ್ಬ ಬಂದು ಸುಣ್ಣ ಕೇಳಿದ, ಇಲ್ಲ ಅಂದೆ. ಮೂಟೆ ಅಲ್ಲೇ ಎದುರಿಗೇ ಇತ್ತು.

ಈಗ ಬರೆಯುವುದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಾಸ್ತರು ಸತ್ತ ಸುದ್ದಿ ಕೇಳಿ ಹತ್ತು ನಿಮಿಷ ಆಗಿರಲಿಲ್ಲ, ನನಗೆ ಖುಷಿಯಾಯಿತು. ಹೌದು, ಖುಷಿ. ಅವನಿಗಿಂತ ನನ್ನ ಹತ್ತಿರವೇ ಅವರು ಜಾಸ್ತಿ ಇದ್ದರು, ನನ್ನ ಎದುರೇ ನಕ್ಕರು, ಗೆದ್ದವನು ನಾನು ಅಂತ ಮೈಯೆಲ್ಲ ಹಗುರಾಯಿತು. ಆ ಮನುಷ್ಯ ಮಣ್ಣಾಗಿ ಎರಡು ತಿಂಗಳಾಗಿದೆ, ನಾನಿಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಗೆದ್ದೆ ಅಂತ ಹಿಗ್ಗುತ್ತಿದ್ದೇನೆ... ಥೂ, ನನ್ನ ಜನ್ಮಕ್ಕೆ.

ಹೋಗಿ ಅವರ ಎದುರು ನಿಂತು ಇದನ್ನು ಹೇಳಬೇಕಿತ್ತು. ಈ ಸಲ ಖಂಡಿತ ಹೊಡೆಯುತ್ತಿದ್ದರು.