ತಾನೇ ಇಟ್ಟುಕೊಂಡ ಕಿರೀಟ

೧೯೯೪ರಲ್ಲಿ, ಒಂಬತ್ತನೇ ತರಗತಿಗೆ, ನನ್ನ ಓದು ನಿಂತಿತು. ಮೊದಲು ಕ್ಲೀನರ್, ಆಮೇಲೆ ಡ್ರೈವರ್, ಆಮೇಲೆ ಸ್ವಂತ ಜೀಪು. ಯಾರ ಮುಂದೆಯೂ ಕೈಚಾಚಿದವನಲ್ಲ.

ಆಪಾ ಅವರ ಬಲಮೊಣಕಾಲು ಮಡಚುತ್ತಿರಲಿಲ್ಲ. ಎರಡೂ ಕೈಯಿಂದ ಅದನ್ನೆತ್ತಿ, ಮಗುವನ್ನು ಕೂರಿಸಿದಂತೆ ನನ್ನ ಜೀಪಿನ ಮುಂದಿನ ಸೀಟಿನೊಳಗಿಟ್ಟು, "ಚಲೋ" ಅನ್ನುತ್ತಿದ್ದರು. ಮನೆ ಶಹಾಬಜಾರ; ಕೆಲಸ ಕಮಲಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವುದು. ಊರಿಗೆಲ್ಲ ಮೇಡಂ, ನನಗೆ ಆಪಾ, ಅಂದರೆ ಅಕ್ಕ. ದಿನಾ ದಾರಿಯಲ್ಲಿ ಅಂದಿನ ಪಾಠ ಮೊದಲು ನನಗೇ. "ನಿನಗ ತಿಳೀತಂದ್ರ ನನ್ನ ಹುಡುಗರಿಗೂ ತಿಳೀತದ" ಎನ್ನುವರು.

ಒಂದು ದಿನ ಹೇಳಿದರು: "ಪಶ್ಚಿಮದಾಗ ರೋಮಿನ ಸಾಮ್ರಾಜ್ಯ ಮುಳುಗಿ ಮುನ್ನೂರು ವರ್ಷ ಮ್ಯಾಲಾಗಿತ್ತು, ತಮ್ಮಾ. ಫ್ರಾಂಕರ ರಾಜ ಶಾರ್ಲಮೇನ್ ಕ್ರಿಸ್ಮಸ್ ದಿನ ರೋಮಿನಾಗ ಪ್ರಾರ್ಥನಾಕ್ಕ ನಿಂತಾಗ ಪೋಪ್ ಅವನ ತಲಿಮ್ಯಾಲೆ ಕಿರೀಟ ಇಟ್ಟ. ಸತ್ತ ಸಾಮ್ರಾಜ್ಯ ಎದ್ದು ಕುಂತಿತು!"

"ಇಟ್ಟಾವ ದೊಡ್ಡಾವೋ, ಇಡಿಸ್ಕೊಂಡಾವ ದೊಡ್ಡಾವೋ ಆಪಾ?"

"ಅರೆ! ಇದೊಂದು ಮಾತಿಗೆ ನೂರಾರು ವರ್ಷ ಬಡದಾಡ್ಯಾರೋ!"

ಹಿಂದಿನಿಂದ ಯಾರೋ ಕೂಗಿದರು: "ಡ್ರೈವರ್ ಸಾಹೇಬ್ರ, ಪೋಪನ್ನ ಆಮ್ಯಾಲ ನೋಡ್ರಿ. ಮುಂದ ಎಮ್ಮಿ ಬಂದದ!"

ಮರುವಾರ ಆಪಾ ಒಂದು ಅರ್ಜಿ ತಂದರು. ಶಾಲೆಗೆ ಹೋಗದೆ ಹೊರಗಿನಿಂದ ಹತ್ತನೇ ಪರೀಕ್ಷೆ ಕಟ್ಟುವ ಅರ್ಜಿ. ಎಲ್ಲ ತುಂಬಿದ್ದರು, ನನ್ನ ಸಹಿಯೊಂದು ಬಾಕಿ.

"ಮಂದಿ ಕೊಟ್ಟದ್ದು ನಾ ತಗೊಳ್ಳಂಗಿಲ್ರಿ" ಅಂದೆ.

ಕಮಲಾಪುರ ಬಂತು. ಇಳಿದ ಮೇಲೆ ಆಪಾ ಅರ್ಜಿಯನ್ನು ಸೀಟಿನ ಮೇಲಿಟ್ಟರು. "ಶಾರ್ಲಮೇನ್ ಮುದುಕಾದ ಮ್ಯಾಲ ಮಗನಿಗಿ ಏನಂದ ಗೊತ್ತದೇನು? ಕಿರೀಟ ಅಲ್ಲಿ ಅದ, ನೀನೇ ತಗೊಂಡು ನೀನೇ ಇಟ್ಕೋ ಅಂದ. ನಾ ನಿನಗ ಕೊಟ್ಟಿಲ್ಲ, ತಮ್ಮಾ. ಇಲ್ಲಿ ಇಟ್ಟೀನಿ, ಅಷ್ಟ."

ನಾನು ಮುಟ್ಟಲಿಲ್ಲ. ಕೊನೆಯ ದಿನಾಂಕ ದಾಟಿತು. "ಅರ್ಜಿ ಕಟ್ಟಿದಿ ಹೌದಿಲ್ಲೋ?" ಎಂದು ಆಪಾ ಕೇಳಿದಾಗ ಮಾತ್ರ ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. "ಹೌದ್ರಿ" ಅಂದೆ. ಅವರು ಕಾಲೇಜಿಗೆಲ್ಲ ಪೇಢೆ ಹಂಚಿದರು.

ಬೇಸಿಗೆಯಲ್ಲಿ ಆಪಾ ಆಸ್ಪತ್ರೆ ಸೇರಿದರು. ನೋಡಲು ಹೋದರೆ ಮೊದಲ ಮಾತೇ, "ಪೇಪರ್ ಹ್ಯಾಂಗಿತ್ತು?"

"ಸಲೀಸಿತ್ರಿ. ನಿಮ್ಮ ಶಾರ್ಲಮೇನನೂ ಬಂದಿದ್ದ."

"ಏನ ಬರದಿ?"

"ನೀವು ಹೇಳಿದ್ದೇ ಬರದೆ."

ಕಣ್ಣು ಮುಚ್ಚಿಕೊಂಡೇ ನಕ್ಕರು. ನಾಲ್ಕನೇ ದಿನ ತೀರಿಕೊಂಡರು. ಅವರ ಜನಾಜಾಕ್ಕೆ ಹೆಗಲು ಕೊಟ್ಟೆ. ಆ ಸುಳ್ಳಿನ ಭಾರ ಮಾತ್ರ ಇಳಿಯಲಿಲ್ಲ.

ಮುಂದಿನ ವರ್ಷ ಅರ್ಜಿ ನಾನೇ ತಂದೆ, ನಾನೇ ತುಂಬಿದೆ. ಈಗ ನನ್ನ ಹೆಸರಿನಲ್ಲಿ ಎರಡು ಜೀಪು, ಕುಸನೂರಿನಲ್ಲಿ ಮೂರು ಕೋಣೆಯ ಮನೆ. ಆರು ವಿಷಯಗಳಲ್ಲಿ ಐದು ಪಾಸಾಗಿವೆ. ಗಣಿತ ಉಳಿದಿದೆ.