ಹೆಂಗಸರು ಮುಂದೆ

ಮೇ ತಿಂಗಳ ಒಂದು ಬೆಳಿಗ್ಗೆ ನಾವಿಬ್ಬರೂ ಲಂಡನ್ನಿಗೆಂದು ಬೇಲೂರು ಬಿಟ್ಟೆವು. ಹಿಂದಿನ ಸಂಜೆ ಮಳೆ ಹೊಡೆದು ಬಸ್ ಸ್ಟ್ಯಾಂಡೆಲ್ಲ ಕೆಸರಾಗಿತ್ತು. ಎರಡು ಸೂಟ್‌ಕೇಸು, ಒಂದು ವೈರ್ ಬ್ಯಾಗು. ವೈರ್ ಬ್ಯಾಗಿನಲ್ಲಿ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ತಂಗಿಗೆಂದು ಮಾಡಿದ ಕೋಡುಬಳೆ. ತಂಗಿ ವಿಮಲ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹೊಸ ಮನೆ ಕೊಂಡಿದ್ದಳು, ಗೃಹಪ್ರವೇಶಕ್ಕೆ ಅಕ್ಕ ಭಾವ ಬರಲೇಬೇಕೆಂದು ಟಿಕೆಟ್ ಕಳಿಸಿದ್ದಳು. ಫೋನಿನಲ್ಲಿ, "ಅಕ್ಕ, ಹತ್ತು ಗಂಟೆಗಿಂತ ಜಾಸ್ತಿ ಸುಮ್ನೆ ಕೂತಿರ್ಬೇಕು. ಬೇಜಾರಾಗುತ್ತೆ, ಓದೋಕೆ ಏನಾದ್ರೂ ಇಟ್ಕೋ" ಎಂದಿದ್ದಳು. ಫೋನಿಟ್ಟು ಅಡುಗೆಮನೆಗೆ ಹೋಗಿ ನಾನೊಬ್ಬಳೇ ನಕ್ಕಿದ್ದೆ. ಹತ್ತು ಗಂಟೆ ನಮ್ಮ ಯಜಮಾನರ ಪಕ್ಕದಲ್ಲಿ ಕೂರುವುದಕ್ಕೆ ಬೇಜಾರೇ? ಮದುವೆಯಾದ ದಿನದಿಂದ ನಾನು ಆಸೆಪಟ್ಟಿದ್ದೇ ಅದಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ನಾನು ಮಾದಿಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಮೇಡಂ. ಅವರ ಬಸ್ಸು ದಿನ ಬಿಟ್ಟು ದಿನ ಬಿಕ್ಕೋಡಿನಲ್ಲಿ ನೈಟ್ ಹಾಲ್ಟ್ ಮಾಡಿ, ಬೆಳಗಿನ ಮೊದಲ ಬಸ್ಸಾಗಿ ಬೇಲೂರು, ಹಳೇಬೀಡು, ಮಾದಿಹಳ್ಳಿಯ ಮೇಲೆ ಅರಸೀಕೆರೆಗೆ ಹೋಗುತ್ತಿತ್ತು. ಬಿಕ್ಕೋಡು ನಮ್ಮ ಮನೆಯಿಂದ ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ಗಂಟೆ, ನನ್ನ ಸಂಕಟಕ್ಕಂತೂ ಕೂಗಿದರೆ ಕೇಳಿಸೀತು ಎನ್ನುವಷ್ಟು ಹತ್ತಿರ. ಆದರೂ ಬಸ್ಸು ಬಿಟ್ಟು ಮನೆಗೆ ಬರುವಂತಿಲ್ಲ, ಅಲ್ಲೇ ಬಸ್ಸಿನೊಳಗೆ ಮಲಗಬೇಕು. ಬೆಳಿಗ್ಗೆ ನಾನು ಅದೇ ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಅವರು ಹಿಂದಿನ ಬಾಗಿಲಿನಿಂದ "ಹೆಂಗಸ್ರೆಲ್ಲ ಮುಂದಕ್ಕೆ, ಗಂಡಸ್ರು ಹಿಂದಕ್ಕೆ ಬನ್ರಪ್ಪಾ" ಎಂದು ಕೂಗುತ್ತ ಬಂದು ನನ್ನ ಮುಂದೆಯೂ ನಿಂತು, "ಪಾಸಾ ಮೇಡಂ?" ಎನ್ನುತ್ತಿದ್ದರು. "ಪಾಸು" ಎನ್ನುತ್ತಿದ್ದೆ. ಹಗಲಿನಲ್ಲಿ ನಮ್ಮ ಸಂಸಾರದ ಮಾತು ಇಷ್ಟೇ. ಬಸ್ಸಿನ ತುಂಬ ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು, ಇನ್ನೇನು ಮಾತಾಡುವುದು! ಹಬ್ಬ, ಮದುವೆ ಎಂದು ಇಬ್ಬರೂ ಬಸ್ಸು ಹತ್ತಿದರೂ ಇವರು ಆ ಬಸ್ಸಿನ ಕಂಡಕ್ಟರ್ ಜೊತೆ ಹಿಂದುಗಡೆ ಸೇರಿಬಿಡುತ್ತಿದ್ದರು. ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತು ಊರು ದಾಟಿದ್ದು ನನಗೆ ನೆನಪೇ ಇಲ್ಲ.

ಆ ದಿನವೂ ಅರಸೀಕೆರೆಯವರೆಗೆ ಅದೇ ಆಯಿತು. ಪರಿಚಯದ ಕಂಡಕ್ಟರ್ ಸಿಕ್ಕಿದ, ಇವರು ಹಿಂದೆ ಹೋದರು. ಅರಸೀಕೆರೆ ಸ್ಟೇಷನ್ನಿನಲ್ಲಿ ಇಡ್ಲಿ ವಡೆ ತಿಂದು ರೈಲು ಹತ್ತಿದೆವು. ಬೆಂಗಳೂರಿಗೆ ನೂರೈವತ್ತು ಕಿಲೋಮೀಟರಿನ ಮೇಲಿದೆ. ಗಾಡಿ ತುಂಬಿತ್ತು. ನನಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು, ಇವರಿಗೆ ಆಚೆ ಸಾಲಿನಲ್ಲಿ ಕೊಬ್ಬರಿ ವ್ಯಾಪಾರಿಗಳ ನಡುವೆ. ತಿಪಟೂರು ದಾಟುವುದರೊಳಗೆ ಕೊಬ್ಬರಿ ರೇಟಿನ ವಿಚಾರದಲ್ಲಿ ಅವರಿಗಿಂತ ಇವರದೇ ದೊಡ್ಡ ದನಿಯಾಗಿತ್ತು. ರಾತ್ರಿ ಬೆಂಗಳೂರಿನಲ್ಲಿ ನಾದಿನಿಯ ಮನೆ. ಅಲ್ಲಿ ಗಂಡಸರಿಗೆಲ್ಲ ಹಾಲ್‌ನಲ್ಲಿ ಹಾಸಿಗೆ, ಹೆಂಗಸರಿಗೆ ರೂಮಿನಲ್ಲಿ. ಆಗಲಿ, ನಾಳೆ ವಿಮಾನ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮಲಗಿದೆ.

ನಮ್ಮದು ಬೆಳಗಿನ ವಿಮಾನ. ಹಳೆಯ ವಿಮಾನ ನಿಲ್ದಾಣ ಆಗ ಊರೊಳಗೇ ಇತ್ತು. ಸಾಲಿನಲ್ಲಿ ನಿಂತು ನಮ್ಮ ಸರದಿ ಬಂದಾಗ ಕೌಂಟರಿನ ಹುಡುಗಿ ಟಿಕೆಟ್ ನೋಡಿ, ಕಂಪ್ಯೂಟರ್ ಕುಟ್ಟಿ, ಯಾರನ್ನೋ ಕರೆದು ಪಿಸುಗುಟ್ಟಿದಳು. ಆಮೇಲೆ ನಗುತ್ತ ಹೇಳಿದಳು, "ಸರ್, ಹಿಂದೆ ಒಂದು ಸೀಟು ಕಮ್ಮಿ ಬೀಳ್ತಿದೆ. ಒಂದೇ ಒಂದು ಸೀಟು ಮುಂದೆ ಬಿಸಿನೆಸ್ ಕ್ಲಾಸಲ್ಲಿ ಕೊಡ್ತೀನಿ, ಎಕ್ಸ್‌ಟ್ರಾ ಏನೂ ಇಲ್ಲ. ನಿಮ್ಮಿಬ್ಬರಲ್ಲಿ ಯಾರು ಹೋಗ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರ ಗಂಟಲಿನಿಂದ ಆ ಮಾತು ಬಂದುಬಿಟ್ಟಿತು.

"ಹೆಂಗಸ್ರು ಮುಂದೆ, ಗಂಡಸ್ರು ಹಿಂದೆ. ಇದ್ರಲ್ಲಿ ಕೇಳೋದೇನೈತಮ್ಮ?"

ಹುಡುಗಿ ಕಿಲಕಿಲ ನಕ್ಕಳು. ಹಿಂದೆ ನಿಂತವರೂ ನಕ್ಕರು. ಚೀಟಿ ಬಂದೇಬಿಟ್ಟಿತು. "ನಾವಿಬ್ಬರೂ ಒಟ್ಟಿಗೆ ಕೂರಬೇಕಮ್ಮ" ಎಂದು ಒಂದು ಮಾತು ಹೇಳಿದ್ದರೆ ಸಾಲಿನಲ್ಲಿದ್ದ ಬೇರೆ ಯಾರನ್ನಾದರೂ ಮುಂದೆ ಕಳಿಸುತ್ತಿದ್ದಳು. ಆದರೆ ಅಷ್ಟು ಜನರ ಎದುರಿಗೆ, ನೆರೆಗೂದಲಿನ ಹೆಂಗಸು, ಗಂಡನ ಪಕ್ಕ ಬೇಕು ಅನ್ನುವುದು ಹೇಗೆ? ಇವರ ಮುಖ ನೋಡಿದರೆ ಏನೋ ದೊಡ್ಡ ಉಪಕಾರ ಮಾಡಿದ ಕಳೆ.

"ಯಾಕೆ ಮುಖ ಹಂಗ್ ಮಾಡ್ಕಂಡಿದ್ದೀಯ? ಒಳ್ಳೆ ಸೀಟು ಕಣೇ. ಮುಂದ್ಗಡೆ ಕುಲುಕಾಟ ಇರಲ್ಲ" ಎಂದರು.

"ಇದು ಬಸ್ಸಲ್ಲ ಕಣ್ರೀ" ಎಂದೆ.

ವಿಮಾನದ ಬಾಗಿಲಲ್ಲಿ ಗಗನಸಖಿ ನನ್ನ ಚೀಟಿ ನೋಡಿ ಎಡಕ್ಕೆ ಕೈ ತೋರಿಸಿದಳು, ಅವರ ಚೀಟಿ ನೋಡಿ ಬಲಕ್ಕೆ. ಜನ ಹಿಂದಿನಿಂದ ನೂಕುತ್ತಿದ್ದರು, ಇವರು ವೈರ್ ಬ್ಯಾಗನ್ನು ಎದೆಗವಚಿಕೊಂಡು ಹೋದರು. ಚಪಾತಿಯೂ ಅವರ ಜೊತೆಗೇ ಹೋಯಿತು.

ನನ್ನ ಸೀಟನ್ನು ಕುರ್ಚಿ ಎನ್ನಲು ಮನಸ್ಸು ಬರುವುದಿಲ್ಲ. ನಮ್ಮ ಶಾಲೆಯಲ್ಲಿ ಸ್ಟಾಫ್ ರೂಮ್ ಎಂದು ಒಂದಿದೆ, ಅದಕ್ಕಿಂತ ಇದರಲ್ಲಿ ಜಾಗ ಹೆಚ್ಚು. ಮೆತ್ತನೆಯ ಹೊದಿಕೆ, ದಿಂಬು, ಕಾಲುಚೀಲ, ಒಂದು ಪುಟ್ಟ ಚೀಲದಲ್ಲಿ ಬಾಚಣಿಗೆ, ಟೂತ್‌ಪೇಸ್ಟ್. ಕೂತ ಕೂಡಲೇ ಬಿಸಿ ಬಿಸಿ ಒದ್ದೆ ಟವೆಲ್ಲನ್ನು ಇಕ್ಕಳದಲ್ಲಿ ಹಿಡಿದು ಕೊಟ್ಟರು. ತಿನ್ನುವುದೋ ಒರೆಸುವುದೋ ತಿಳಿಯದೆ ಪಕ್ಕದವರು ಏನು ಮಾಡುತ್ತಾರೆಂದು ಓರೆಗಣ್ಣಿನಲ್ಲಿ ನೋಡಿದೆ. ಪಕ್ಕದಲ್ಲಿದ್ದವರು ಕಾಫಿ ರಫ್ತು ಮಾಡುವ ಒಬ್ಬ ಸೂಟಿನ ಯಜಮಾನರು. ಅವರು ಮುಖ ಒರೆಸಿಕೊಂಡರು, ನಾನೂ ಒರೆಸಿಕೊಂಡೆ. ವಿಮಾನ ಮೇಲೇರಿದಾಗ ಕೈ ತಾನಾಗಿ ಪಕ್ಕಕ್ಕೆ ಹೋಯಿತು, ಅಲ್ಲಿ ಆ ಸೂಟಿನ ತೋಳಿತ್ತು. ಸದ್ಯ, ಮುಟ್ಟುವ ಮೊದಲೇ ಎಚ್ಚರವಾದೆ.

ಮೇಲೇರಿದ ಸ್ವಲ್ಪ ಹೊತ್ತಿಗೆ ಗಗನಸಖಿ ಬಂದು ನಮ್ಮ ಭಾಗಕ್ಕೂ ಹಿಂದಿನ ಭಾಗಕ್ಕೂ ನಡುವೆ ಒಂದು ಪರದೆ ಎಳೆದಳು.

ಊಟದ ವಿಷಯ ಹೇಳಲೇಬೇಕು. ಬಿಳಿ ಬಟ್ಟೆ ಹಾಸಿ, ಪಿಂಗಾಣಿ ತಟ್ಟೆಯಲ್ಲಿ ಒಂದೊಂದನ್ನೇ ತಂದಿಟ್ಟರು. ಹಣ್ಣು, ಬ್ರೆಡ್ಡು, ದೋಸೆಯಂಥದ್ದೊಂದು, ಜೊತೆಗೆ ಹೆಬ್ಬೆರಳಿನಷ್ಟು ಬಟ್ಟಲಿನಲ್ಲಿ ಸಾಂಬಾರು. "ಇನ್ನೇನು ಬೇಕು ಮೇಡಂ?" ಎಂದು ಬಗ್ಗಿ ಬಗ್ಗಿ ಕೇಳಿದರು. ಬೇಕಾದದ್ದು ಅವರ ತಳ್ಳುಗಾಡಿಯಲ್ಲಿ ಇರಲಿಲ್ಲ. ಕಾಫಿ ಯಜಮಾನರು ತಮ್ಮ ಸೀಟಿನ ಗುಂಡಿ ಒತ್ತಿದರು, ಸೀಟು ನಿಧಾನವಾಗಿ ಚಾಚಿಕೊಂಡು ಮಂಚವೇ ಆಯಿತು. ನನ್ನದನ್ನೂ ಹಾಗೆ ಮಾಡುವುದನ್ನು ತೋರಿಸಿದರು.

"ಆರಾಮಾಗಿ ಮಲ್ಕೊಳ್ಳಿ ಮೇಡಂ. ಎಷ್ಟೋ ಜನ ಆಸೆ ಪಡ್ತಾರೆ, ಸಿಗಲ್ಲ ಇದು."

"ನಮ್ಮ ಮನೆಯವರು ಹಿಂದೆ ಇದ್ದಾರೆ ಸರ್" ಎಂದೆ.

"ಓಹ್. ಈ ಕಡೆ ಬಿಡೋದಿಲ್ಲ ಅವರನ್ನ. ನೀವು ಬೇಕಾದ್ರೆ ಹೋಗಿ ನೋಡ್ಕೊಂಡು ಬರಬಹುದು" ಎಂದು ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಿದ್ದೆ ಹೋದರು.

ನಾನೂ ಮಲಗಿ ನೋಡಿದೆ. ನೆಲ ಬಿಟ್ಟು ಅಷ್ಟು ಎತ್ತರದಲ್ಲಿ ಕಾಲು ಚಾಚಿ ಮಲಗುವುದು ಸುಖವಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬೆನ್ನಿಗೆ ಹಿತವಾಗಿತ್ತು, ಮನಸ್ಸಿಗೆ ಆಗಲಿಲ್ಲ. ಎದುರಿನ ಪುಟ್ಟ ಟೀವಿಯಲ್ಲಿ ನಕ್ಷೆ ಹಾಕಿದ್ದರು. ಮಕ್ಕಳಿಗೆ ಕೋಲಿನಲ್ಲಿ ತೋರಿಸುತ್ತಿದ್ದ ಕ್ಯಾಸ್ಪಿಯನ್ ಸಮುದ್ರದ ಕಡೆಗೆ ನಮ್ಮ ಪುಟ್ಟ ವಿಮಾನದ ಚಿತ್ರ ತೆವಳುತ್ತಿತ್ತು. ಸೂರ್ಯನ ಜೊತೆಗೇ ಪಶ್ಚಿಮಕ್ಕೆ ಹೋಗುತ್ತಿದ್ದುದರಿಂದ ಹೊತ್ತು ಇಳಿಯುತ್ತಲೇ ಇರಲಿಲ್ಲ. ನನಗೆ ಬಸ್ಸಿನಂಥ ಎರಡು ಸೀಟು ಬೇಕಿತ್ತು, ಅಷ್ಟೇ, ಅಕ್ಕಪಕ್ಕದ್ದು. ಇವರು ಏನು ತಿಂದರೋ, ಇಂಗ್ಲಿಷ್ ಬಾರದೆ ಏನು ಕೇಳಿದರೋ ಎಂದು ಯೋಚಿಸುತ್ತ ಮಂಚವನ್ನು ಮತ್ತೆ ಕುರ್ಚಿ ಮಾಡಿ ಎದ್ದೆ. ಪರದೆ ಸರಿಸಿ ಹಿಂದಕ್ಕೆ ನಡೆದೆ.

ಹಿಂದೆ ಬೇರೆಯೇ ಲೋಕ. ಜನ ಒತ್ತೊತ್ತಾಗಿ ಕೂತಿದ್ದರು, ಮಕ್ಕಳು ಅಳುತ್ತಿದ್ದವು. ಬಹಳ ಹಿಂದಿನ ಸಾಲಿನಲ್ಲಿ ನಮ್ಮ ವೈರ್ ಬ್ಯಾಗು ಕಾಣಿಸಿತು, ಇವರು ಇರಲಿಲ್ಲ. ಪಕ್ಕದ ಎರಡು ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ಬಾಣಂತಿ ಮತ್ತು ಅವಳ ತಾಯಿ. ಅವರಲ್ಲೊಬ್ಬರನ್ನು ಮುಂದೆ ಕಳಿಸಿ ನಾನಿಲ್ಲಿ ಕೂರಬಹುದೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಆ ತಾಯಿ ಮಗಳನ್ನು ನೋಡಿದ ಮೇಲೆ ಕೇಳಲು ಬಾಯಿ ಬರಲಿಲ್ಲ.

ನಮ್ಮ ಯಜಮಾನರು ವಿಮಾನದ ಕಟ್ಟಕಡೆಯಲ್ಲಿ, ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ಬಾಗಿಲಿಗಿದ್ದ ಪುಟ್ಟ ಕಿಟಕಿಯಲ್ಲಿ ಹೊರಗೆ ನೋಡುತ್ತಿದ್ದರು.

"ಇಲ್ಯಾಕೆ ನಿಂತಿದ್ದೀರಾ?"

"ಕೂತೂ ಕೂತೂ ಕಾಲು ಮರಗಟ್ಟೋಯ್ತು ಕಣೇ. ಜನ ತುಂಬಿರ್ಬೇಕಾದ್ರೆ ನಾನು ಕೂತ್ರೆ ಮೈಗೆ ಒಗ್ಗಲ್ಲ. ನೀನ್ಯಾಕೆ ಬಂದೆ? ಒಳ್ಳೆ ಸೀಟು ಬಿಟ್ಟು?"

"ಅದು ಮಂಚ ಆಗುತ್ತೆ ಕಣ್ರೀ, ಗುಂಡಿ ಒತ್ತಿದ್ರೆ. ನಿದ್ದೆನೇ ಬರಲಿಲ್ಲ."

"ಅಯ್ಯೋ! ಮಂಚದ ಮೇಲೆ ನಿದ್ದೆ ಬರ್ನಿಲ್ವಾ? ನಂಗೆ ಬಸ್ಸಲ್ಲೇ ಬತ್ತಿತ್ತಲ್ಲ" ಎಂದು ನಕ್ಕರು.

ಆಗ ನನಗೆ ಹೊಳೆಯಿತು, ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. "ಬಿಕ್ಕೋಡಲ್ಲಿ ಎಲ್ಲಿ ಮಲಗ್ತಿದ್ರಿ? ಹಿಂದಿನ ಉದ್ದದ ಸೀಟಲ್ಲಾ?"

"ಅದನ್ನ ಡ್ರೈವರ್‌ಗೆ ಬಿಟ್ಟುಕೊಡ್ತಿದ್ದೆ. ನಾನು ಮುಂದೆ, ನಿನ್ ಸೀಟಲ್ಲಿ."

"ಅದು ಗಿಡ್ಡ ಅಲ್ವೇನ್ರೀ? ಕಾಲು ಚಾಚೋಕೆ ಆಗಲ್ಲ."

"ಆಗಲ್ಲ. ಮಡಚ್ಕಂಡೇ ಮಲ್ಕತಿದ್ದೆ." ಕಿಟಕಿಯಿಂದ ಕಣ್ಣು ತೆಗೆಯದೆ ಅವರು ಹೇಳಿದರು, "ಬೆಳಿಗ್ಗೆ ನೀನು ಬಂದು ಕೂರೋ ಜಾಗ ಅಲ್ವಾ."

ಅವರಿಗೆ ಏನು ಗಾಳಿ ಬೀಸಿತ್ತೋ, ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಎನ್ನುವುದಕ್ಕೂ ಯೋಚಿಸುವ ಮನುಷ್ಯ ಅಂದು ತಾವಾಗಿಯೇ ಮುಂದುವರಿದರು.

"ಬೇಲೂರಿಂದ ಮಾದಿಹಳ್ಳಿವರ್ಗೂ ನಿನ್ ಜಡೆನೇ ನೋಡ್ಕಂಡು ನಿಂತಿರ್ತಿದ್ದೆ. ಇವತ್ತಾದ್ರೂ ತಿರುಗಿ ನೋಡ್ತಾಳಾ, ನಾಳೆಯಾದ್ರೂ ನೋಡ್ತಾಳಾ ಅಂತ. ನೀನು ಒಂದ್ ದಿನಾನೂ ತಿರುಗ್ನಿಲ್ಲ. ಮೇಡಂ ಅಲ್ವಾ ನೀನು!"

"ಜನ ಆಡ್ಕೋತಾರೆ ಅಂತ ಕಣ್ರೀ. ನನಗೂ ನೋಡ್ಬೇಕು ಅಂತ ಎಷ್ಟು ಆಗ್ತಿತ್ತು ಗೊತ್ತಾ?"

"ಆಗ್ತಿತ್ತಾ?" ಎಂದು ಅವರು ಮೊದಲ ಸಲ ನನ್ನ ಕಡೆ ತಿರುಗಿದರು. ನನ್ನ ಕಣ್ಣು ತುಂಬಿದ್ದು ಕಂಡು ಗಾಬರಿಯಾಗಿ, "ನೋಡು ನೋಡು, ಬೆಟ್ಟದ ಮೇಲೆ ಹಿಮ ಐತೆ" ಎಂದು ಕಿಟಕಿ ತೋರಿಸಿದರು. ಹಿಮ ನಿಜವಾಗಿಯೂ ಇತ್ತು, ನನಗೆ ಕಂಡದ್ದು ಮಸುಕು ಮಸುಕಾಗಿ.

ನಾವು ಅಲ್ಲೇ ನಿಂತೆವು. ಹಿಂದಿನ ಅಡುಗೆ ಮೂಲೆಯ ಹುಡುಗಿ ಕಾಗದದ ಲೋಟದಲ್ಲಿ ಟೀ ಕೊಟ್ಟಳು, ಮುಂದೆ ಪಿಂಗಾಣಿಯಲ್ಲಿ ಕೊಟ್ಟದ್ದಕ್ಕಿಂತ ರುಚಿಯಾಗಿತ್ತು. ಚಪಾತಿಗೆ ಚಟ್ನಿಪುಡಿ ಸುತ್ತಿ ನಿಂತೇ ತಿಂದೆವು, ಅವಳಿಗೂ ಒಂದು ಕೋಡುಬಳೆ ಕೊಟ್ಟೆ. ಇವರು ಬಿಕ್ಕೋಡಿನ ಚಳಿ, ಎಸ್ಟೇಟಿನ ಕೂಲಿಯವರ ಹಾಡು, ಬಸ್ಸಿನೊಳಗೆ ನುಗ್ಗಿದ ಹೋರಿ ಎಂದು ಒಂದೊಂದೇ ಹೇಳುತ್ತ ಹೋದರು. ಎಲ್ಲ ನಾನಿಲ್ಲದ ರಾತ್ರಿಗಳ ವಿಷಯ. ಕೇಳಿದಷ್ಟೂ ಸಾಲದೆನ್ನಿಸಿತು. ಇದನ್ನೆಲ್ಲ ಆಗಲೇ ಕೇಳಬೇಕಿತ್ತು. ವಯಸ್ಸಿದ್ದಾಗ ನಮಗೆ ಯಾಕೆ ಇಷ್ಟು ಹೊತ್ತು ಸಿಗಲಿಲ್ಲ?

ಕೊನೆಗೆ ಬೆಲ್ಟ್ ಹಾಕಿಕೊಳ್ಳುವ ದೀಪ ಹತ್ತಿತು. ಅದೇ ಹುಡುಗಿ ಬಂದು, ಲಂಡನ್ ಹತ್ತಿರವಾಯಿತು, ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಎಂದು ಸನ್ನೆ ಮಾಡಿದಳು. "ಹೋಗು, ಹುಷಾರು" ಎಂದರು ಇವರು. ಆ ಉದ್ದದ ದಾರಿಯಲ್ಲಿ ಒಬ್ಬಳೇ ನಡೆದು ಬಂದು ನನ್ನ ಅರಮನೆಯಲ್ಲಿ ಕೂತೆ. ಕಾಫಿ ಯಜಮಾನರು ಎದ್ದು ಟೈ ಸರಿಮಾಡಿಕೊಳ್ಳುತ್ತಿದ್ದರು. "ಎಲ್ಲಿ ಮೇಡಂ, ಕಾಣಲೇ ಇಲ್ಲ ನೀವು? ಸೀಟು ಪೂರ್ತಿ ವೇಸ್ಟ್ ಆಯ್ತಲ್ಲ!" ಎಂದರು.

ವಿಮಾನ ಮೋಡದೊಳಗೆ ಇಳಿಯತೊಡಗಿತು. ಕಿಟಕಿಗೆ ತುಂತುರು ಬಡಿಯುತ್ತಿತ್ತು. ಇಳಿಯುವಾಗ ಪರದೆ ಮುಚ್ಚಿರಬಾರದಂತೆ, ಗಗನಸಖಿ ಬಂದು ಅದನ್ನು ಪೂರ್ತಿ ಸರಿಸಿ ಕಟ್ಟಿದಳು. ನನ್ನದು ದಾರಿಯ ಪಕ್ಕದ ಸೀಟು. ಬೆಲ್ಟ್ ಸಡಿಲ ಮಾಡಿಕೊಂಡು, ಸೀಟಿನ ಆಚೆಗೆ ಬಾಗಿ, ಹಿಂದಕ್ಕೆ ತಿರುಗಿದೆ. ಕಾಫಿ ಯಜಮಾನರು ನೋಡಲಿ, ಲಂಡನ್ನೇ ನೋಡಲಿ ಎನ್ನಿಸಿತು.

ಸಾಲು ಸಾಲು ತಲೆಗಳು. ಅಷ್ಟು ದೂರದಲ್ಲಿ ಯಾವುದು ಅವರದೆಂದು ಗೊತ್ತಾಗಲಿಲ್ಲ. ಆದರೂ ತಿರುಗಿಯೇ ಇದ್ದೆ. ಆಗ ಕಟ್ಟಕಡೆಯಲ್ಲಿ, ಎಲ್ಲರೂ ಬೆಲ್ಟ್ ಬಿಗಿದು ಕೂತಿರುವಾಗ, ಒಬ್ಬ ಮನುಷ್ಯ ನನಗೆ ಕಾಣಲೆಂದು ದಾರಿಯ ನಡುವೆ ಎದ್ದು ನಿಂತರು. "ಸರ್, ಸರ್, ಸಿಟ್ ಡೌನ್ ಪ್ಲೀಸ್" ಎಂದು ಯಾರೋ ಕೂಗಿದರು. ಅವರು ಕೂರಲಿಲ್ಲ. ವಿಮಾನದ ಚಕ್ರ ಲಂಡನ್ನಿನ ನೆಲ ಮುಟ್ಟಿ ಎಲ್ಲರೂ ಮುಂದಕ್ಕೆ ಮುಗ್ಗರಿಸಿದಾಗಲೂ, ನಾನು ಹಿಂದಕ್ಕೇ ನೋಡುತ್ತಿದ್ದೆ.